ದಾಖಲೆಯಲ್ಲಿದ್ದ ಗುಬ್ಬಿ

ಮಾಜಿ ಸೈನಿಕರ ಕ್ಷೇಮ ಸಂಘದ ಕಚೇರಿಯಲ್ಲಿ, ಅಣ್ಣನ ಕಾಗದಗಳೆಲ್ಲ ಇವೆಯೇ ಎಂದು ಮೂರನೆಯ ಸಲ ನೋಡಿಕೊಳ್ಳುತ್ತ ಕುಳಿತಿದ್ದೆ. ಪಕ್ಕದ ಬೆಂಚಿನಲ್ಲಿ ಒಬ್ಬ ಅತ್ತೆ, ಸೊಸೆ. ಸೊಸೆಯ ಕೈಗೆ ಚಿಕಿತ್ಸೆಯ ಕಾರ್ಡು ಆಗಷ್ಟೇ ಬಂದಿತ್ತು.

“ಜೋರಾಗಿ ಓದೇ. ನನಗೆಲ್ಲಿ ಕಾಣುತ್ತೆ?”

“ದಿವಂಗತ ಸೈನಿಕರ ಪತ್ನಿ ಅಂತಿದೆ ಅತ್ತೆ. ಆಮೇಲೆ ನನ್ನ ಹೆಸರು, ಉರುಫ್ ಗುಬ್ಬಿ.”

“ಮೊಹರು ಬಿದ್ದಿದೆಯಾ?”

“ಎರಡೆರಡು!”

“ನನ್ನ ಮಗನಿಗೆ ಬುದ್ಧಿ ಬೇಡ್ವಾ? ಪಡೆಯವರು ಹೆಂಡತಿ ಹೆಸರು ಕೇಳಿದ್ರೆ ಗುಬ್ಬಿ ಅಂತ ಬರೆಸೋದಾ?”

“ಬಾಯಿಗೆ ಬಂದಿದ್ದೇ ಅದು, ಪಾಪ. ಆರು ವರ್ಷ ಯಾವ ಕಚೇರಿಗೆ ಹೋದ್ರೂ, ದಾಖಲೆಯಲ್ಲಿರೋ ಹೆಂಡತಿ ನೀವಲ್ಲ, ಗುಬ್ಬಿ ಬರಲಿ ಅಂದ್ರು.”

“ನಿನ್ನ ಗಾತ್ರ ನೋಡಿ ಗುಬ್ಬಿ ಅಂತ ಯಾರು ನಂಬ್ತಾರೆ?”

“ಇಲ್ಲಿನ ಕಾರ್ಯದರ್ಶಿ ನಂಬಿದ್ರಲ್ಲ! ನಿಮ್ಮ ಮಗನ ಜೊತೆಗಿದ್ದ ಐದು ಜನ ಸೈನಿಕರನ್ನ ಹುಡುಕಿ, ಸಾಕ್ಷಿ ಬರೆಸಿಕೊಂಡ್ರು.”

“ಏನಂತ ಬರೆದ್ರು?”

“ಊಟದ ಸಾಲಲ್ಲೂ ನಮ್ಮ ಗುಬ್ಬಿ, ನಮ್ಮ ಗುಬ್ಬಿ ಅಂತ ನಮ್ಮ ತಲೆ ತಿಂತಿದ್ದ, ಅಂತ.”

ಅತ್ತೆ ನಕ್ಕರು. ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ನಕ್ಕರು.

“ನನ್ನ ವಿಷಯ ಮಾತಾಡ್ತಿರಲಿಲ್ವಂತಾ?”

“ಒಬ್ರು ಪುಟಗಟ್ಟಲೆ ಬರೆದಿದ್ದಾರೆ. ನೀವು ಬೈತಿದ್ದ ಬೈಗುಳನೂ ಇದೆ.”

“ತಾ, ಓದು.”

“ನಾನು ಓದಲ್ಲ. ಕಾರ್ಡಲ್ಲಿ ನಿಮ್ಮ ಹೆಸರೂ ಇದೆ. ಸೋಮವಾರ ಕಣ್ಣಿನ ಆಪರೇಷನ್. ಪಟ್ಟಿ ಬಿಚ್ಚಿದ ಮೇಲೆ ನೀವೇ ಓದಿ.”

“ಸೋಮವಾರದ ತನಕ ಯಾಕೆ ಕಾಯ್ಬೇಕು? ಇವತ್ತೇ ಮಾಡ್ತಾರಾ ಕೇಳೋಣ, ಏಳೇ!”

ಸೊಸೆ ಚಪ್ಪಲಿ ಮೆಟ್ಟುವಷ್ಟರಲ್ಲಿ ಅತ್ತೆ ಗೋಡೆ ಹಿಡಿದುಕೊಂಡು ಬಾಗಿಲು ದಾಟಿದ್ದರು.