ಇಸ್ತ್ರಿಯವಳ ಡಬ್ಬಿ

ದೀಪ ಸಣ್ಣ ಮಾಡಿ ಸಾಕು, ಆರಿಸ್ಬೇಡಿ. ಇದು ಅವರಿವರು ಹೇಳಿದ್ದಲ್ಲ. ನಮ್ಮ ದೊಡ್ಡಮ್ಮನ ಮಗಳಿಗೆ ಆಗಿದ್ದು. ಆಮೇಲೆ ನನಗೂ ಸ್ವಲ್ಪ ಅಂಟ್ಕೊಳ್ತು... ಅದನ್ನ ಕೊನೆಗೆ ಹೇಳ್ತೀನಿ.

ಅಕ್ಕನ ಕೆಲಸ ಅಂದ್ರೆ ಕೆಮ್ಮೋರ ಹಿಂದೆ ಅಲೆಯೋದು. ಹೆಗಲಿಗೊಂದು ಚೀಲ, ಅದರೊಳಗೆ ಊಟದ ಕ್ಯಾರಿಯರ್‌ನಷ್ಟು ದೊಡ್ಡ ಮೆಷಿನ್ನು. ಬ್ಯಾಟರಿ ಮೇಲೆ ನಡೆಯುತ್ತೆ. ಡಬ್ಬಿಗೆ ಕಫ ಉಗುಳಿ ಕೊಟ್ರೆ, ಟಿಬಿ ಇದೆಯೋ ಇಲ್ವೋ ಅಂತ ಅವತ್ತೇ ಹೇಳುತ್ತೆ. ದೊಡ್ಡಾಸ್ಪತ್ರೆಗೆ ಹೋಗಿ ಬರೋ ಬಸ್ ಚಾರ್ಜಿಗಿಂತ ಕಮ್ಮಿ ಖರ್ಚು. "ಇದು ಸುಳ್ಳು ಹೇಳಲ್ಲ ಕಣೋ" ಅಂತಿದ್ಲು ಅಕ್ಕ. ನಿಜ, ಮೆಷಿನ್ನು ಹೇಳಲ್ಲ. ಜನ ಹೇಳ್ತಾರೆ.

ಅವತ್ತು ಅವಳಿಗೆ ತಡ ಆಗಿತ್ತು. ಬಟ್ಟೆ ಹೊಲಿಯೋ ಶೆಡ್ಡಿನ ಹಿಂದೆ ಒಂದು ಹಾಳು ಬಾವಿ. ಅದರ ಪಕ್ಕದ ದಾರಿ ಹಿಡಿದ್ಲು. ಬಾವಿಗೆ ಹಗ್ಗ ಇಲ್ಲ, ಕೊಡ ಇಲ್ಲ. ಆದ್ರೂ ರಾಟೆ ತಿರುಗ್ತಿತ್ತು. ಕಿರ್ರ್... ಕಿರ್ರ್... ಆಮೇಲೆ ಕೆಮ್ಮು. ಖುಳ್, ಖುಳ್... ಹಿಂದೇನೇ ಸುಂಯ್ ಅಂತ ಉಸಿರೆಳೆದ ಸದ್ದು.

ಅಕ್ಕ ಮುಖ ನೋಡೋ ಮುಂಚೆ ಕೆಮ್ಮು ಗುರುತು ಹಿಡಿತಾಳೆ. ಇದು ಶೆಡ್ಡಿನಲ್ಲಿ ಇಸ್ತ್ರಿ ಹಾಕೋಳ ಕೆಮ್ಮು.

ಇಸ್ತ್ರಿಯವಳು ಬಾವಿಕಟ್ಟೆ ಮೇಲೆ ಕೂತಿದ್ಲು. ಬಾಯಿಗೆ ಬಟ್ಟೆ ಅಡ್ಡ ಹಿಡ್ಕೊಂಡಿದ್ಲು.

"ಇಷ್ಟೊತ್ತಲ್ಲಿ ಇಲ್ಲೇನಮ್ಮಾ?"

"ಹತ್ರ ಬರ್ಬೇಡಿ ಮೇಡಂ..." ಪಿಸುಮಾತು. "ಅವತ್ತು ಕೊಟ್ಟಿದ್ದು ನನ್ನದಲ್ಲ."

"ಏನು?"

"ಕಫ... ಇದು ನನ್ನದು. ಈಗಾದ್ರೂ ನೋಡಿ. ನೋಡಿ ಮನೆಗೆ ಹೋಗಿ. ಮಗು ಇದೆ..."

ಕಟ್ಟೆ ಮೇಲೆ ಡಬ್ಬಿ ಇಟ್ಲು. ಟಕ್. ಅಕ್ಕ ಕೈಗವಸು ಹಾಕ್ಕೊಂಡು ತಗೊಂಡ್ಲು. ಡಬ್ಬಿ ಬೆಚ್ಚಗಿತ್ತು. ತಲೆ ಎತ್ತಿದ್ರೆ ಕಟ್ಟೆ ಖಾಲಿ. ನಾಚ್ಕೊಂಡು ಹೋದ್ಲೇನೋ ಅಂದ್ಕೊಂಡ್ಲಂತೆ. ನಮ್ಮಕ್ಕನಿಗೆ ದೆವ್ವ ನೋಡಿದ್ರೂ ಮೊದಲು ಕಫದ್ದೇ ಚಿಂತೆ.

ನಾನು ಆ ಶೆಡ್ಡಿನ ಸಂಗತಿ ಹೇಳ್ಬೇಕು, ಇಲ್ದಿದ್ರೆ ನಿಮಗೆ ಅರ್ಥ ಆಗಲ್ಲ. ಅಲ್ಲಿ ಟಿಬಿ ಅಂತ ಗೊತ್ತಾದ್ರೆ "ವಾಸಿ ಆದ್ಮೇಲೆ ಬಾ" ಅಂತಾರೆ. ವಾಸಿ ಆಗಿ ಬಂದ್ರೆ ಆ ಮೇಜಿನ ಹಿಂದೆ ಇನ್ಯಾರೋ ನಿಂತಿರ್ತಾರೆ. ಅದಕ್ಕೇ ಹೆಂಗಸರು ಒಂದು ಉಪಾಯ ಕಂಡ್ಕೊಂಡಿದ್ರು. ಮೆಷಿನ್ನು ಬಂದ ದಿನ, ಕೆಮ್ಮೋಳು ಗಟ್ಟಿಮುಟ್ಟಾಗಿರೋಳ ಹತ್ರ ಡಬ್ಬಿ ತಗೊಂಡು ಹೋಗ್ತಿದ್ಲು. ಪಕ್ಕದ ಮನೇಲಿ ಸಕ್ಕರೆ ಕೇಳ್ದಂಗೆ ಎಂಜಲು ಕೇಳ್ತಿದ್ರು. ಇವಳು ಉಗುಳಿ ಕೊಡೋಳು, ಅವಳು ತನ್ನ ಹೆಸರಲ್ಲಿ ಕೊಡೋಳು. ನಗಬೇಡಿ. ಅತ್ತ ದರಿ ಇತ್ತ ಪುಲಿ ಅನ್ನೋ ಬದುಕು ಅವರದ್ದು.

ಇಸ್ತ್ರಿಯವಳಿಗೂ "ಏನೂ ಇಲ್ಲ" ಅಂತ ಬಂದಿತ್ತು. ತಾಯಿಗೇ ಇಲ್ಲ ಅಂದ್ಮೇಲೆ ಮಗಳಿಗೆ ಯಾರು ಪರೀಕ್ಷೆ ಮಾಡ್ತಾರೆ? ಆದ್ರೂ ಅಕ್ಕನಿಗೆ ಅನುಮಾನ ಇತ್ತು. ಮನೆಗೇ ಹೋಗಿ, "ಗಾಳಿ ಆಡ್ಲಿ, ಆ ಕಿಟಕಿ ತೆಗೆದಿಡಮ್ಮಾ" ಅಂದಿದ್ಲು. "ಧೂಳು ಬರುತ್ತೆ ಮೇಡಂ" ಅಂದಿದ್ಲು ಅವಳು. ಅಸಲಿಗೆ ಕೆಮ್ಮು ಬೀದಿಗೆ ಕೇಳ್ಬಾರ್ದು ಅಂತ ಮುಚ್ಚಿದ್ದು. ಮಡಿಲಲ್ಲಿ ಕೆಂಡ ಕಟ್ಕೊಂಡು ಎಷ್ಟು ದಿನ ಇರ್ತೀರಿ?

ಬಾವಿ ಹತ್ರ ಡಬ್ಬಿ ಸಿಕ್ಕಿದ ರಾತ್ರಿಯೇ ಅಕ್ಕ ಆ ಕಫಕ್ಕೆ ಔಷಧಿ ಬೆರೆಸಿ ಮೆಷಿನ್ನಿಗೆ ಹಾಕಿದ್ಲು. ಮೆಷಿನ್ನು ಗುಂಯ್ ಅಂತ ಕೂತಿತ್ತು... ಆಮೇಲೆ ಟಿಂಕ್ ಅಂತು. ಟಿಬಿ ಇದೆ. ತುಂಬಾ ಇದೆ.

ಬೆಳಕು ಹರಿಯೋದೇ ತಡ ಇಸ್ತ್ರಿಯವಳ ಮನೆಗೆ ಓಡಿದ್ಲು. ಬಾಗಿಲು ತೆಗೆದಿದ್ದು ಅವಳ ತಂಗಿ. ಅದೇ ಶೆಡ್ಡಿನಲ್ಲಿ ಅಂಗಿಗೆ ಗುಂಡಿ ಹಾಕ್ತಾಳೆ.

"ನಿಮ್ಮಕ್ಕನ್ನ ಕರೀರಿ."

ಅವಳು ಬಾಗಿಲು ಅರ್ಧ ಮುಂದೆ ಮಾಡಿದ್ಲು.

"ಕರೀರಮ್ಮಾ. ನಿನ್ನೆ ರಾತ್ರಿ ಕಫ ಕೊಟ್ಲು, ಅದರ ವಿಷಯ..."

"ಅಕ್ಕ ಹೋಗಿ ಆಗ್ಲೇ ವಾರದ ಮೇಲಾಯ್ತು ಮೇಡಂ."

ನಮ್ಮಕ್ಕ ಗೋಡೆ ಹಿಡ್ಕೊಂಡ್ಲು. ಆ ತಂಗಿ ಹೊಸ್ತಿಲ ಮೇಲೇ ಕುಸಿದು ಕೂತ್ಲು.

"ಅವತ್ತು ಡಬ್ಬೀಲಿ ಇದ್ದಿದ್ದು ನನ್ನ ಕಫ. ಅವಳೇ ಕೇಳಿದ್ಲು... ಕೊಟ್ಟೆ. ನಾನೇ ಕೊಂದೆ."

ಒಳಗೆ ಮಗು ಮಲಗಿತ್ತು. ಆರು ವರ್ಷದ ಹುಡುಗಿ, ಕತ್ತು ಬಳ್ಳಿ ಹಂಗೆ. ಕಿಟಕಿ ಮುಚ್ಚಿತ್ತು. ಅಷ್ಟು ಸಣ್ಣ ಮಕ್ಕಳಿಗೆ ಕಫ ಉಗುಳೋಕೆ ಬರಲ್ಲ, ಮಲ ತಗೊಂಡು ಪರೀಕ್ಷೆ ಮಾಡ್ತಾರೆ. ಮಾಡಿದ್ರು. ಅದಕ್ಕೂ ಇತ್ತು. ಒಂದು ಕಡೆ ಶ್ವಾಸಕೋಶ ಆಗ್ಲೇ ಅರ್ಧ ತಿಂದಿತ್ತು. ಇನ್ನು ಸ್ವಲ್ಪ ದಿನ ಬಿಟ್ಟಿದ್ರೆ ಅಮ್ಮನ ಹಿಂದೆಯೇ ಹೋಗ್ತಿತ್ತು ಅಂದ್ರಂತೆ ಡಾಕ್ಟರು.

ಮಾತ್ರೆ ಶುರುವಾಯ್ತು. ಕಿಟಕಿ ತೆಗೆದಿಡಿ ಅಂತ ಅಕ್ಕ ಈ ಸಲ ಬೈದೇ ಹೇಳಿದ್ಲು. ಹಗಲು ತೆಗಿತಿದ್ಲು ಮಗುವಿನ ಚಿಕ್ಕಮ್ಮ, ಅದೇ ಆ ತಂಗಿ. ರಾತ್ರಿ ಮಾತ್ರ ಹೆದರ್ಕೊಂಡು ಚಿಲಕ ಹಾಕ್ತಿದ್ಲು. ಬೆಳಗ್ಗೆ ನೋಡಿದ್ರೆ ತೆಗೆದಿರ್ತಿತ್ತು. ಮಗೂನ ಕೇಳಿದ್ಲು, ನೀನು ತೆಗೆದ್ಯಾ ಅಂತ.

"ಇಲ್ಲ, ಅಮ್ಮ ತೆಗೆದಿದ್ದು. ಒಳಗೆ ಬಾ ಅಂದ್ರೆ ಬರಲ್ಲ ಚಿಕ್ಕಮ್ಮಾ. ಬಾಯಿಗೆ ಬಟ್ಟೆ ಇಟ್ಕೊಂಡು ಹೊರಗೇ ನಿಲ್ತಾಳೆ."

ಆಗ ಆ ಚಿಕ್ಕಮ್ಮ ನನ್ನ ಹತ್ರ ಬಂದಿದ್ದು. ನಾನು ಬಡಗಿ ಅಲ್ವಾ? ನಿಮ್ಮಕ್ಕನಿಗೆ ಹೇಳ್ಬೇಡಿ ಅಂತ ಕೈ ಮುಗಿದ್ಲು. ನನಗೂ ಕೋಪ ಬಂತು. ದೆವ್ವ ಅಂತೆ, ಬಾವಿ ಅಂತೆ, ಹುಚ್ಚು ಹಿಡಿಸ್ಕೊಂಡಿದ್ದಾರೆ ಎಲ್ಲರೂ. ಚಿಲಕ ಸಡಿಲ ಇರ್ಬೇಕು ಅಂತ ಹೋದೆ. ಚಿಲಕ ಗಟ್ಟಿಯಾಗಿತ್ತು. ಮೇಲಿಂದ ಉದ್ದುದ್ದ ಮೊಳೆ ತಗೊಂಡು ಒಳಗಡೆಯಿಂದ ಚೌಕಟ್ಟಿಗೆ ಸೇರಿಸಿ ಹೊಡೆದೆ. ಠಣ್... ಠಣ್... ಆಚೆ ಕಡೆ ಯಾರೋ ಕೆಮ್ಮಿದ್ರು. ಬೀದಿಯೋರು ಅಂದ್ಕೊಂಡೆ.

ಮಾರನೇ ಬೆಳಗ್ಗೆ, ಇನ್ನೂ ಸೂರ್ಯ ಹುಟ್ಟಿರ್ಲಿಲ್ಲ, ಆ ಚಿಕ್ಕಮ್ಮ ಬಂದು ನನ್ನ ಬಾಗಿಲು ಬಡಿದ್ಲು. ಹೋದೆ. ಕಿಟಕಿ ಹಾರು ಹೊಡೆದಿತ್ತು. ಮಗು ತಣ್ಣನೆ ಗಾಳಿಗೆ ಮುಖ ಕೊಟ್ಟು ನಿದ್ದೆ ಮಾಡ್ತಿತ್ತು, ಕೆಮ್ಮದೆ. ಮೊಳೆಗಳು ಹೊರಗಡೆ ಕಿಟಕಿ ಕಟ್ಟೆ ಮೇಲಿದ್ವು. ಒಂದರ ಪಕ್ಕ ಒಂದು, ಮಡಿಸಿಟ್ಟ ಬಟ್ಟೆ ಹಂಗೆ ಒಪ್ಪವಾಗಿ.

ಮಗು ಬದುಕ್ತು. ಓಡೋಕೆ ಆಗಲ್ಲ, ಮೆಟ್ಟಿಲು ಹತ್ತಿದ್ರೆ ಕೂತ್ಬಿಡುತ್ತೆ. ಆದ್ರೆ ಬದುಕಿದೆ. ಅಕ್ಕ ಈಗ ಎದುರಿಗೇ ನಿಂತು ಡಬ್ಬಿಗೆ ಉಗುಳಿಸ್ಕೊಳ್ತಾಳೆ. ಆ ಕಿಟಕಿ ಮುಟ್ಟೋ ಧೈರ್ಯ ಯಾರಿಗೂ ಇಲ್ಲ.

ನೀವು ಬೇಕಾದ್ರೆ ನಂಬಿ, ಬೇಡ ಅಂದ್ರೆ ಬಿಡಿ. ನಾನು ಹುಟ್ಟಿದಾಗಿಂದ ಮೊಳೆ ಕಿತ್ತೋನು. ಎಷ್ಟೇ ಹುಷಾರಾಗಿ ಎಳೆದ್ರೂ ಸ್ವಲ್ಪ ಡೊಂಕಾಗದೆ ಮೊಳೆ ಬರಲ್ಲ. ಅವು ನೆಟ್ಟಗಿದ್ವು... ನಾನು ಕೈಯಾರೆ ಎತ್ಕೊಂಡೆ, ಆ ಚಳೀಲಿ.

ಬೆಚ್ಚಗಿದ್ವು.