ಅಗ್ಗದ ಪೆಟ್ಟಿಗೆ

ಹೆಂಡತಿಗೂ ಹೇಳದೆ ರಕ್ತಪರೀಕ್ಷೆ ಮಾಡಿಸಿಕೊಂಡಿದ್ದ ದರ್ಜಿ ವರದಿಗಾಗಿ ಕಾಯುತ್ತಿದ್ದ. ಕೌಂಟರಿನಾಚೆ ಲ್ಯಾಬಿನ ಒಡತಿ ಅಗ್ಗಕ್ಕೆ ಸಿಕ್ಕಿತೆಂದು ಹೊಸದಾಗಿ ತರಿಸಿದ ಅಂಗೈಯಗಲದ ಕಂಪ್ಯೂಟರನ್ನು ಅವಳ ತಮ್ಮ ನೋಡುತ್ತಿದ್ದ.

“ಅಕ್ಕ, ಒಳಗಿದ್ದದ್ದನ್ನೆಲ್ಲ ಅಳಿಸಿದ್ಯಾ?”

“ಪೂರ್ತಿ ಅಳಿಸ್ದೆ ಕಣೋ.”

“ಮತ್ತೆ ವಿಂಡೋಸ್ ಎಲ್ಲಿಂದ ಹಾಕ್ದೆ?”

“ಅದರಲ್ಲೇ ರೀಸೆಟ್ ಅಂತಿತ್ತು. ಒತ್ತಿದೆ, ಹೊಸದಾಗಿ ಬಂತು.”

“ಕಳ್ಳನ್ನ ಓಡಿಸಿ ಅವನ ಕೈಲೇ ಬೀಗ ಹಾಕ್ಸಿದ್ಯಲ್ಲೇ! ಮಾಹಿತಿ ಕದಿಯೋಕೆ ಅಂತ ಮಾರಿದವರು ತುಂಬಿಟ್ಟ ಸಾಫ್ಟ್‌ವೇರೇ ವಾಪಸ್ ಬಂದಿರತ್ತೆ. ಇದರಲ್ಲಿ ಏನೇನಿದೆ?”

“ಎರಡು ದಿನದಿಂದ ಬಂದೋರ ಹೆಸರು, ಫೋನು, ರಿಪೋರ್ಟು… ಎಲ್ಲ.”

“ಮೊದಲು ನೆಟ್ ತಂತಿ ಕೀಳು. ಆಮೇಲೆ ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳು.”

“ಹೇಳಿದ್ರೆ ನಾಳೆಯಿಂದ ಯಾರು ಬರ್ತಾರೆ?”

“ಅವರಿಗೆ ಬೇರೆಯವರಿಂದ ಗೊತ್ತಾದ್ರೆ?”

“ಮೆಲ್ಲಗೆ ಮಾತಾಡೋ, ಎದುರಿಗೇ ಕೂತಿದಾರೆ.”

ಅವಳು ತಂತಿ ಕಿತ್ತು, ಪೆಟ್ಟಿಗೆ ಎತ್ತಿಕೊಂಡು ತಮ್ಮನೊಂದಿಗೆ ಒಳಕೋಣೆಗೆ ನಡೆದಳು. ದರ್ಜಿ ಎದ್ದು ನಿಂತ. ಒಳಗಿನಿಂದ ಚಿಲಕ ಬಿತ್ತು.