ಏರಿಯಲ್ ಕಟ್ಟದ ಸೆಟ್ಟು

ಲೈಟ್ ಆರಿಸಬೇಡಿ, ಹಾಗೇ ಇರಲಿ... ಹೇಳ್ತೀನಿ.

ನಮ್ಮ ದೊಡ್ಡಮ್ಮನ ಮಗ, ಕನ್ನಡಕದ ಅಂಗಡಿಯಲ್ಲಿ ಗ್ಲಾಸು ಕೂರಿಸೋನು, ಗೊತ್ತಲ್ಲ? ಅವನಿಗೆ ಹ್ಯಾಮ್ ರೇಡಿಯೊ ಹುಚ್ಚು, ಮನೇಲೇ ಕೂತು ಮೈಕಲ್ಲಿ ಊರೂರಿನವರ ಜೊತೆ ಮಾತಾಡೋದು. ಪರೀಕ್ಷೆ ಪಾಸಾಗಿ ಲೈಸೆನ್ಸೂ ಬಂತು, ಸೆಟ್ ಮಾತ್ರ ಇಲ್ಲ. ಕೊನೆಗೆ ಕಲಿಸಿದ ಮೇಷ್ಟ್ರೇ, ತೀರಿಹೋಗಿದ್ದ ಗೆಳೆಯರೊಬ್ಬರ ಸೆಟ್ಟನ್ನ ಎರವಲು ಕೊಟ್ಟರು. "ಏರಿಯಲ್ ಕಟ್ಟೋ ತನಕ ಮೈಕಲ್ಲಿ ಬಾಯಿ ಬಿಡಬೇಡ ಕಣೋ, ಸೆಟ್ ಸುಟ್ಟುಹೋಗುತ್ತೆ" ಅಂದಿದ್ದರು.

ಅದನ್ನ ಹೆಗಲ ಮೇಲಿಟ್ಟುಕೊಂಡು ಊರಾಚೆಯ ಹಾಳುಬಾವಿ ದಾಟೋ ಹೊತ್ತಿಗೆ ಕತ್ತಲಾಗಿತ್ತು. ಅಲ್ಲಿ ಸೆಟ್ಟು ಒಂದೇ ಸಲ ಭಾರ ಆಯ್ತಂತೆ... ಮೂಟೆ ಹೊತ್ತ ಹಾಗೆ. ಸುಸ್ತಿರಬೇಕು ಅಂದುಕೊಂಡ.

ಮನೆಗೆ ಬಂದವನೇ ರೂಮಿನ ಬಾಗಿಲು ಮುಂದೆ ಮಾಡಿ, ಸೆಟ್ಟಿನ ದೀಪ ಹತ್ತುತ್ತಾ ನೋಡೋಣ ಅಂತ ಸ್ವಿಚ್ ಒತ್ತಿದ. ಕಟಕ್. ಸುಂಯ್... ಆಮೇಲೆ ಕಿವಿ ಪಕ್ಕದಲ್ಲೇ ಒಂದು ಗಂಡು ದನಿ. "ಯಾರಾದ್ರೂ ಇದ್ದೀರಾ? ನಾನು ಏಳಬಹುದಾ?"

ಈ ರೇಡಿಯೊದವರಲ್ಲಿ ಒಂದು ಪದ್ಧತಿ. ಹತ್ತಾರು ಜನ ಸೇರಿ ಮಾತಾಡೋವಾಗ ಒಬ್ಬ ಉಸ್ತುವಾರಿಗೆ ಕೂತಿರ್ತಾನೆ. "ನಾನು ಕೂತ್ಕೋತೀನಿ" ಅಂತ ಇನ್ನೊಬ್ಬ ಹೇಳೋ ತನಕ ಅವನು ಏಳೋ ಹಾಗಿಲ್ಲ. ಹೊಸಬನಿಗೆ ಇದಕ್ಕಿಂತ ಮರ್ಯಾದೆ ಬೇಕಾ! ಏರಿಯಲ್ ಇಲ್ಲ ಅನ್ನೋದನ್ನೇ ಮರೆತ. ಮೈಕ್ ಒತ್ತಿ, "ನಾನು ಕೂತ್ಕೋತೀನಿ, ನೀವು ಏಳಿ ಸಾರ್" ಅಂದುಬಿಟ್ಟ.

"ಅಬ್ಬಾ..." ಅಂತು ಆ ದನಿ.

ಸ್ಪೀಕರಿನಲ್ಲಿ ಕುರ್ಚಿ ಕಿರ್ರ್ ಅಂತ ಹಿಂದೆ ಸರೀತು. ಹೆಜ್ಜೆ... ಟಪ್, ಟಪ್. ಬಾಗಿಲು ತೆಗೆದ ಸದ್ದು. ಆಮೇಲೆ ಅದೇ ಸ್ಪೀಕರಿನಲ್ಲಿ ನಮ್ಮ ಅತ್ತಿಗೆ ದನಿ! "ರೀ, ಊಟದ ಹೊತ್ತಲ್ಲಿ ಎಲ್ಲಿಗೆ ಹೊರಟ್ರಿ?"

'ರೀ' ಅಂದದ್ದು ಯಾರಿಗೆ? ಇವನು ಇಲ್ಲೇ ಇದಾನಲ್ಲ! ಬಾಗಿಲಿಗೆ ಓಡಿದ. ಚಿಲಕ ಹಾಕಿರಲಿಲ್ಲ, ಆದ್ರೂ ಅಲ್ಲಾಡಲಿಲ್ಲ. ಗುದ್ದಿದ, ಕೂಗಿದ. ಆಚೆ ಅತ್ತಿಗೆ ತಟ್ಟೆ ಇಡೋದು, ಮಗು ಕಿಲಕಿಲ ನಗೋದು... ಎಲ್ಲಾ ಸ್ಪೀಕರಿನಲ್ಲಿ ಕೇಳುತ್ತೆ. ಇವನ ಕೂಗು ಮಾತ್ರ ಅವರಿಗೆ ಕೇಳಲ್ಲ. ಇನ್ನು ಮಗು ಮುಖ ನೋಡೋ ಯೋಗ ಇಲ್ಲ ಅಂತ ಅತ್ತುಬಿಟ್ಟನಂತೆ.

ಮತ್ತೆ ಮೈಕ್ ಹಿಡಿದು ಅಂಗಲಾಚಿದ. "ಯಾರಾದ್ರೂ ಇದ್ದೀರಾ?" ಬರೀ ಸುಂಯ್... ಎಷ್ಟೋ ಹೊತ್ತಾದ ಮೇಲೆ ಮೇಷ್ಟ್ರ ದನಿ ಬಂತು, ಪಿಸುಮಾತಲ್ಲಿ.

"ಏರಿಯಲ್ ಕಟ್ಟಿದ್ಯೇನೋ?"

"ಇಲ್ಲ ಸಾರ್... ಕೂತ್ಕೋತೀನಿ ಅಂದುಬಿಟ್ಟೆ ಸಾರ್..."

ಸ್ಪೀಕರಿನಲ್ಲಿ ಮೇಷ್ಟ್ರು ಕುರ್ಚಿ ಎಳೆದುಕೊಂಡ ಸದ್ದು. "ನಿನ್ನ ಮಗು ಇನ್ನೂ ಚಿಕ್ಕದಲ್ವೇನೋ... ನೀನು ಏಳಪ್ಪ. ನಾನು ಕೂತ್ಕೋತೀನಿ."

ಬಾಗಿಲು ತಾನಾಗೇ ತೆರೀತು.

ಬರಿಗಾಲಲ್ಲೇ ಮೇಷ್ಟ್ರ ಮನೆಗೆ ಓಡಿದ. "ರೇಡಿಯೊ ರೂಮಲ್ಲಿದಾರಪ್ಪ" ಅಂದರು ಅವರ ಹೆಂಡತಿ. ರೂಮಲ್ಲಿ ಯಾರೂ ಇರಲಿಲ್ಲ. ಮೇಷ್ಟ್ರು ಇವತ್ತಿಗೂ ಸಿಕ್ಕಿಲ್ಲ.

ಸುಳ್ಳು ಅಂತೀರಾ? ಆಯಮ್ಮ ದಿನಾ ಬೆಳಗ್ಗೆ ಆ ರೂಮಲ್ಲಿ ಒಂದು ಲೋಟ ಚಹಾ ಇಟ್ಟು ಬರ್ತಾರೆ. ಮಧ್ಯಾಹ್ನಕ್ಕೆ ಲೋಟ ಖಾಲಿ ಇರುತ್ತೆ. ನಾನು ಕತೆ ಕಟ್ಟೋಳಲ್ಲ... ಹೋದ ವಾರ ಅವರ ಮನೆಗೆ ಹೋದಾಗ ಆ ಲೋಟ ತೊಳೆದಿಟ್ಟವಳು ನಾನೇ.